ಸೀಸೆಯೊಳಗೆ ಬೇರು ಬಿಡುವ ಸೇಬು

ಆಸ್ಟ್ರೇಲಿಯಕ್ಕೆ ಬಂದು ನೆಲೆಸಿದ ಕನ್ನಡಿಗರಲ್ಲಿ ಹೆಚ್ಚಿನವರ ಉದ್ಯೋಗವನ್ನು ಊರಿನವರಿಗೆ ಒಂದೇ ಮಾತಿನಲ್ಲಿ ವಿವರಿಸಬಹುದು. ಸಾಫ್ಟ್‌ವೇರ್, ಆಸ್ಪತ್ರೆ, ಬ್ಯಾಂಕು, ಕಟ್ಟಡ ನಿರ್ಮಾಣ ಎಂದರೆ ಕೇಳಿದವರು ತಲೆಯಾಡಿಸಿ ಮುಂದಿನ ಮಾತಿಗೆ ಹೋಗುತ್ತಾರೆ. ನನ್ನ ತಾಯಿಗೆ ಆ ಸೌಕರ್ಯವಿಲ್ಲ. "ಮಗ ಅಲ್ಲಿ ಏನು ಮಾಡುತ್ತಾನೆ?" ಎಂದು ಯಾರಾದರೂ ಕೇಳಿದರೆ, "ಸೀಸೆಯೊಳಗೆ ಸೇಬಿನ ಗಿಡಕ್ಕೆ ಬೇರು ಬರಿಸುತ್ತಾನೆ" ಎನ್ನುತ್ತಾಳೆ. ಕೇಳಿದವರು ಒಂದು ಕ್ಷಣ ಸುಮ್ಮನಾಗಿ, "ಬೇರು ತಾನಾಗಿಯೇ ಬರುವುದಿಲ್ಲವೇ?" ಎಂದು ಮರುಪ್ರಶ್ನೆ ಹಾಕುತ್ತಾರೆ.

ಪ್ರಶ್ನೆ ನ್ಯಾಯವಾದದ್ದೇ. ಬೇರು ತಾನಾಗಿಯೇ ಬರುವುದಿಲ್ಲ ಎಂಬ ಒಂದು ಸಂಗತಿಯ ಮೇಲೆ ಒಂದು ವೃತ್ತಿಯೇ ನಿಂತಿದೆ. ಸಿಡ್ನಿಯಲ್ಲಿ ಓದಿ, ಮೆಲ್ಬರ್ನಿನಲ್ಲಿ ಕೆಲಸಕ್ಕೆ ಸೇರಿದ ನನ್ನ ಇಲ್ಲಿನ ಬದುಕೂ ಅದರ ಮೇಲೆಯೇ ನಿಂತಿದೆ. ಊರಿನ ಬಂಧುಗಳಿಗೂ, ಕೃಷಿ ಅಥವಾ ತೋಟಗಾರಿಕೆ ಓದಿ ಇತ್ತ ಬರುವ ಆಲೋಚನೆಯಲ್ಲಿರುವ ಕಿರಿಯರಿಗೂ ಆ ಕೆಲಸದ ಒಳಹೊರಗನ್ನು ತಿಳಿಸುವುದು ಈ ಬರಹದ ಉದ್ದೇಶ.

ಒಬ್ಬ ಅಜ್ಜಿಯ ಹಿತ್ತಲಿನಿಂದ

ಸಿಡ್ನಿಯ ವಾಯವ್ಯ ಭಾಗದಲ್ಲಿ ಈಸ್ಟ್‌ವುಡ್ ಎಂಬ ಬಡಾವಣೆಯಿದೆ. ಇಂದು ಅಲ್ಲಿ ಚೀನೀಯರ, ಕೊರಿಯನ್ನರ ಅಂಗಡಿಗಳ ಸಾಲು. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಹಣ್ಣಿನ ತೋಟಗಳ ಸೀಮೆಯಾಗಿತ್ತು. ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದಿಂದ ಗಂಡ ಮಕ್ಕಳೊಡನೆ ವಲಸೆ ಬಂದಿದ್ದ ಮರಿಯಾ ಆನ್ ಸ್ಮಿತ್ ಎಂಬ ರೈತ ಮಹಿಳೆ ಅಲ್ಲಿ ತೋಟ ಮಾಡಿಕೊಂಡಿದ್ದರು. ಆಕೆ ಎಸೆದಿದ್ದ ಸೇಬಿನ ಸಿಪ್ಪೆ ತಿರುಳುಗಳ ನಡುವೆ ಒಂದು ಬೀಜ ಮೊಳೆತು ಸಸಿಯಾಯಿತು. 1868ರ ಸುಮಾರಿಗೆ ಆ ಗಿಡ ಬಿಟ್ಟ ಹಸಿರು ಬಣ್ಣದ ಹುಳಿಸಿಹಿ ಹಣ್ಣು ನೆರೆಹೊರೆಯವರ ಕಣ್ಣಿಗೆ ಬಿತ್ತು. 1870ರಲ್ಲಿ ಆಕೆ ತೀರಿಕೊಂಡರು. ಹಣ್ಣು ಉಳಿಯಿತು. ಇಂದು ಬೆಂಗಳೂರಿನ ಅಂಗಡಿಯಲ್ಲೂ ಸಿಗುವ ಹಸಿರು ಸೇಬು, ಗ್ರಾನಿ ಸ್ಮಿತ್, ಆಕೆಯ ಹೆಸರನ್ನೇ ಹೊತ್ತಿದೆ. ಈಸ್ಟ್‌ವುಡ್‌ನಲ್ಲಿ ಪ್ರತಿ ಅಕ್ಟೋಬರಿನಲ್ಲಿ ಆ ಅಜ್ಜಿಯ ಹೆಸರಿನ ಉತ್ಸವ ನಡೆಯುತ್ತದೆ.

ಈ ಕಥೆಯಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಗ್ರಾನಿ ಸ್ಮಿತ್ ಹಣ್ಣಿನ ಬೀಜವನ್ನು ಊರಿದರೆ ಗ್ರಾನಿ ಸ್ಮಿತ್ ಹುಟ್ಟುವುದಿಲ್ಲ. ಸೇಬಿನ ಪ್ರತಿ ಬೀಜವೂ ತಂದೆ ತಾಯಿಗಳ ಗುಣಗಳನ್ನು ಹೊಸದಾಗಿ ಬೆರೆಸಿಕೊಂಡ ಬೇರೆಯೇ ಒಂದು ತಳಿ. ಆದ್ದರಿಂದ ಜಗತ್ತಿನಲ್ಲಿರುವ ಗ್ರಾನಿ ಸ್ಮಿತ್ ಮರಗಳೆಲ್ಲವೂ ಮೂಲತಃ ಅದೊಂದು ಮರದ ಕೊಂಬೆಗಳೇ. ನಮ್ಮಲ್ಲಿ ಬಾದಾಮಿ ಮಾವನ್ನು ನಾಟಿ ಮಾವಿನ ಸಸಿಗೆ ಕಸಿ ಕಟ್ಟುವಂತೆ, ಇಲ್ಲಿ ಸೇಬಿನ ಕೊಂಬೆಯನ್ನು ಇನ್ನೊಂದು ಸೇಬಿನ ಬೇರಿಗೆ ಕಟ್ಟುತ್ತಾರೆ. ಮೇಲೆ ಹಣ್ಣು ಕೊಡುವುದು ಕಸಿಕೊಂಬೆ. ಕೆಳಗೆ ನೆಲ ಹಿಡಿಯುವುದು ಬೇರುಸಸಿ, ಇಲ್ಲಿನವರ ಮಾತಿನಲ್ಲಿ ರೂಟ್‌ಸ್ಟಾಕ್.

ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ತಿಕೋಟಾ ಸೀಮೆಯ ಉಪ್ಪುನೀರಿಗೂ ಬರಕ್ಕೂ ಥಾಮ್ಸನ್ ದ್ರಾಕ್ಷಿ ತಾಳುವುದಿಲ್ಲವೆಂದು ಅಲ್ಲಿನವರು ಮೊದಲು ಡಾಗ್‌ರಿಜ್ ಎಂಬ ಬೇರುಸಸಿಯನ್ನು ನೆಟ್ಟು, ಅದರ ಮೇಲೆ ದ್ರಾಕ್ಷಿಯನ್ನು ಕಸಿ ಮಾಡುತ್ತಾರೆ. ಆ ಡಾಗ್‌ರಿಜ್ ಮೂಲತಃ ಅಮೆರಿಕದ ಟೆಕ್ಸಾಸ್ ಸೀಮೆಯ ಕಾಡುದ್ರಾಕ್ಷಿ. ನಮ್ಮ ತೋಟದಲ್ಲಿಯೂ ಅದೇ ಇದೆ. ಬೇರು ಒಂದು ದೇಶದ್ದು, ಹಣ್ಣು ಇನ್ನೊಂದು ದೇಶದ್ದು, ಮಣ್ಣು ನಮ್ಮದು ಎಂಬುದು ನನಗೆ ಬಾಲ್ಯದಿಂದಲೇ ಪರಿಚಿತವಾದ ಏರ್ಪಾಡು.

ಬೇರುಸಸಿಯ ಅಧಿಕಾರ

ಹಣ್ಣಿನ ತಳಿಗೆ ಸಿಗುವ ಕೀರ್ತಿ ಬೇರುಸಸಿಗೆ ಸಿಗುವುದಿಲ್ಲ. ಆದರೆ ಮರ ಎಷ್ಟು ಎತ್ತರ ಬೆಳೆಯಬೇಕು, ಎಷ್ಟನೆಯ ವರ್ಷಕ್ಕೆ ಫಲ ಕೊಡಬೇಕು, ಯಾವ ಕೀಟವನ್ನು ತಡೆದುಕೊಳ್ಳಬೇಕು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದೇ. ಎಂ.9 ಎಂಬ ಬೇರುಸಸಿಯ ಮೇಲೆ ಬೆಳೆದ ಸೇಬಿನ ಮರ ಆಳೆತ್ತರಕ್ಕಿಂತ ಸ್ವಲ್ಪ ಮೇಲಕ್ಕೆ ಹೋಗಿ ನಿಲ್ಲುತ್ತದೆ. ಬೀಜದಿಂದ ಬಂದ ಬೇರಿನ ಮೇಲೆ ಅದೇ ತಳಿ ದೊಡ್ಡ ಮರವಾಗಿ ಏಣಿ ಬೇಡುತ್ತದೆ. ಕುಳ್ಳ ಮರಗಳಾದರೆ ಒಂದು ಹೆಕ್ಟೇರಿನಲ್ಲಿ ಎರಡು ಮೂರು ಸಾವಿರ ಗಿಡಗಳನ್ನು ತಂತಿಯ ಆಸರೆಯಲ್ಲಿ ಸಾಲಾಗಿ ನಿಲ್ಲಿಸಬಹುದು. ನೆಲದ ಮೇಲೆ ನಿಂತೇ ಹಣ್ಣು ಕೀಳಬಹುದು. ಕೂಲಿ ದುಬಾರಿಯಾದ ಈ ದೇಶದಲ್ಲಿ ಅದು ಸಣ್ಣ ಲಾಭವಲ್ಲ.

ಎಂ.9 ಫ್ರಾನ್ಸಿನಲ್ಲಿ ದೊರೆತ ಹಳೆಯ ಕುಬ್ಜ ಸೇಬೊಂದರ ವಂಶ. ಇಂಗ್ಲೆಂಡಿನ ಕೆಂಟ್ ಪ್ರಾಂತದ ಈಸ್ಟ್ ಮಾಲಿಂಗ್ ಸಂಶೋಧನಾ ಕೇಂದ್ರ ಇಂಥ ಬೇರುಸಸಿಗಳನ್ನೆಲ್ಲ ಕಲೆಹಾಕಿ, ವಿಂಗಡಿಸಿ, ಸಂಖ್ಯೆ ಕೊಟ್ಟಿತು. ಎಂ ಎಂಬ ಅಕ್ಷರ ಮಾಲಿಂಗ್ ಎಂಬುದರ ಗುರುತು. ಆಸ್ಟ್ರೇಲಿಯದ ತೊಂದರೆ ಬೇರೆಯಾಗಿತ್ತು. ಇಲ್ಲಿ ಉಣ್ಣೆಹೇನು ಎಂಬ ಕೀಟ ಸೇಬಿನ ಬೇರುಗಳಲ್ಲಿ ಗಂಟು ಕಟ್ಟಿ ಮರವನ್ನು ಸೊರಗಿಸುತ್ತಿತ್ತು. ನಾರ್ದರ್ನ್ ಸ್ಪೈ ಎಂಬ ಅಮೆರಿಕದ ತಳಿ ಅದಕ್ಕೆ ಬಗ್ಗದೆ ನಿಂತಿತು. ಆದ್ದರಿಂದ ಇಲ್ಲಿನ ತೋಟಗಾರರು ಅದನ್ನೇ ಬೇರಾಗಿ ಬಳಸಿದರು. ಮುಂದೆ ಇಂಗ್ಲೆಂಡಿನಲ್ಲಿ ನಾರ್ದರ್ನ್ ಸ್ಪೈಯನ್ನು ಮಾಲಿಂಗ್ ಬೇರುಸಸಿಗಳೊಡನೆ ಸಂಕರಗೊಳಿಸಿದಾಗ ಹುಟ್ಟಿದ್ದೇ ಎಂಎಂ.106 ಮೊದಲಾದ ಸಾಲು. ಆಸ್ಟ್ರೇಲಿಯದ ಸೇಬಿನ ತೋಟಗಳಲ್ಲಿ ಎಂಎಂ.106 ಇಂದಿಗೂ ಮನೆಮಾತು.

ಇಂಥ ಬೇರುಸಸಿಯೂ ಬೀಜದಿಂದ ಬರುವಂತಿಲ್ಲ, ಅದರ ಗುಣವೂ ಬೀಜದಲ್ಲಿ ಚದುರಿಹೋಗುತ್ತದೆ. ಹಳೆಯ ಪದ್ಧತಿಯಲ್ಲಿ ತಾಯಿಗಿಡವನ್ನು ಬುಡಕ್ಕೆ ಕತ್ತರಿಸಿ, ಚಿಗುರುಗಳ ಸುತ್ತ ಮಣ್ಣು ಅಥವಾ ಮರದ ಹೊಟ್ಟು ಏರಿಸಿ, ಅಲ್ಲಿ ಬೇರು ಮೂಡಿದ ಮೇಲೆ ಚಳಿಗಾಲದಲ್ಲಿ ಒಂದೊಂದಾಗಿ ಬಿಡಿಸುತ್ತಾರೆ. ವಿಧಾನ ಚೆನ್ನಾಗಿದೆ, ಆದರೆ ನಿಧಾನ. ಹೊಸ ಬೇರುಸಸಿಯೊಂದು ದೇಶದೊಳಗೆ ಬಂದಾಗ ಕೈಯಲ್ಲಿರುವುದು ಬೆರಳೆಣಿಕೆಯ ಗಿಡಗಳು. ತೋಟಗಾರರಿಗೆ ಬೇಕಾದದ್ದು ಲಕ್ಷಗಟ್ಟಲೆ. ಆ ಅಂತರವನ್ನು ತುಂಬಲು ಅಂಗಾಂಶ ಕೃಷಿ ಬಂತು.

ಚಿಗುರು ಸುಲಭ, ಬೇರು ಕಷ್ಟ

ಅಂಗಾಂಶ ಕೃಷಿ ಎಂದೊಡನೆ ನಮ್ಮ ರೈತರಿಗೆ ನೆನಪಾಗುವುದು ಜಿ-9 ಬಾಳೆ. ಬಾಳೆ ಈ ವಿದ್ಯೆಗೆ ಒಲಿದು ಬಂದ ಬೆಳೆ. ಸೀಸೆಯಲ್ಲಿ ಚಿಗುರು ಬಿಡುತ್ತದೆ, ಕೇಳಿದ ಕೂಡಲೇ ಬೇರೂ ಬಿಡುತ್ತದೆ. ಸೇಬು, ಪೇರು, ಚೆರಿ ಮುಂತಾದ ಮರಜಾತಿಯವು ಹಾಗಲ್ಲ.

ಮೊದಲ ಹಂತವೇನೋ ಸರಾಗ. ವಸಂತದಲ್ಲಿ, ಅಂದರೆ ಇಲ್ಲಿನ ಸೆಪ್ಟೆಂಬರಿನಲ್ಲಿ, ಎಳೆಯ ಕುಡಿಯನ್ನು ಕೊಯ್ದು, ಬಟ್ಟೆ ಬಿಳುಪು ಮಾಡುವ ದ್ರಾವಣದಂಥದರಲ್ಲಿ ಕೆಲವು ನಿಮಿಷ ಅದ್ದಿ, ಶುದ್ಧೀಕರಿಸಿದ ನೀರಿನಲ್ಲಿ ತೊಳೆಯುತ್ತೇವೆ. ಸೀಸೆಯಲ್ಲಿ ಅಗರ್ ಎಂಬ ಕಡಲಪಾಚಿಯ ಅಂಟು, ಲವಣಗಳು, ಜೀವಸತ್ವಗಳು, ನೂರಕ್ಕೆ ಮೂರರಷ್ಟು ಸಕ್ಕರೆ ಇರುತ್ತವೆ. ಈ ಲವಣಗಳ ಪಾಕವನ್ನು 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ತಂಬಾಕಿನ ಅಂಗಾಂಶಕ್ಕಾಗಿ ಸಿದ್ಧಪಡಿಸಿದರು. ಇಂದಿಗೂ ಪ್ರಪಂಚದ ಪ್ರಯೋಗಾಲಯಗಳೆಲ್ಲ ಅದನ್ನೇ ಸ್ವಲ್ಪ ಹೆಚ್ಚುಕಡಿಮೆ ಮಾಡಿ ಬಳಸುತ್ತವೆ. 121 ಡಿಗ್ರಿ ಉಷ್ಣತೆಯ ಒತ್ತಡದ ಹಬೆಯಲ್ಲಿ ಬೇಯಿಸಿ ತಣಿಸಿದ ಆ ಮಾಧ್ಯಮದ ಮೇಲೆ ಕುಡಿಯನ್ನು ಇಟ್ಟರೆ ಒಂದು ತಿಂಗಳಲ್ಲಿ ಅದರ ಪಕ್ಕದಲ್ಲಿ ಮೂರು ನಾಲ್ಕು ಹೊಸ ಕುಡಿಗಳು ಏಳುತ್ತವೆ. ಅವನ್ನು ಬಿಡಿಸಿ ಬೇರೆ ಬೇರೆ ಇಟ್ಟರೆ ಪ್ರತಿಯೊಂದೂ ಮತ್ತೆ ನಾಲ್ಕಾಗುತ್ತದೆ. ತಿಂಗಳಿಗೆ ನಾಲ್ಕು ಪಟ್ಟು ಎಂದಿಟ್ಟುಕೊಂಡರೆ ಆರು ತಿಂಗಳಲ್ಲಿ ಒಂದು ಕುಡಿ 4,096 ಆಗಬೇಕು. ಕಾಗದದ ಮೇಲಿನ ಈ ಲೆಕ್ಕ ಕಪಾಟಿನಲ್ಲಿ ಪೂರ್ತಿ ನಿಜವಾಗುವುದಿಲ್ಲ. ಬೂಸ್ಟು ಹಿಡಿದದ್ದು, ಗಾಜಿನಂತೆ ನೀರು ತುಂಬಿಕೊಂಡು ಕೆಟ್ಟದ್ದು, ಬೆಳೆಯದೆ ಕುಳಿತದ್ದು ಎಲ್ಲವನ್ನೂ ಕಳೆಯಬೇಕು. ಆದರೂ ಸಂಖ್ಯೆಗೆ ಬರವಿಲ್ಲ.

ಆದರೆ ಈ ಸಾವಿರಾರು ಕುಡಿಗಳಲ್ಲಿ ಒಂದಕ್ಕೂ ಬೇರಿಲ್ಲ. ಅದಕ್ಕೆ ಕಾರಣ ಅವನ್ನು ಹೆಚ್ಚಿಸಿದ ಉಪಾಯದಲ್ಲಿಯೇ ಇದೆ. ಕುಡಿಗಳನ್ನು ಕವಲೊಡೆಸುವುದು ಸೈಟೊಕೈನಿನ್ ಎಂಬ ಚೋದಕ. ಬೇರು ಹುಟ್ಟಿಸುವುದು ಆಕ್ಸಿನ್ ಎಂಬ ಇನ್ನೊಂದು ಚೋದಕ. ಇವೆರಡರ ಪ್ರಮಾಣವೇ ಅಂಗಾಂಶದ ಹಣೆಬರಹ ಎಂಬುದನ್ನು ಸ್ಕೂಗ್ ಮತ್ತು ಮಿಲ್ಲರ್ 1957ರಲ್ಲಿಯೇ ತೋರಿಸಿದ್ದರು. ಸೈಟೊಕೈನಿನ್ ಮೇಲುಗೈಯಾದರೆ ಚಿಗುರು, ಆಕ್ಸಿನ್ ಮೇಲುಗೈಯಾದರೆ ಬೇರು, ಸಮತೂಕವಾದರೆ ಎರಡೂ ಅಲ್ಲದ ಜೀವಕೋಶಗಳ ಮುದ್ದೆ. ಸಂಖ್ಯೆ ಬೆಳೆಸಲು ಕೊಟ್ಟ ಮದ್ದೇ ಬೇರಿಗೆ ಅಡ್ಡಿಯಾಗುತ್ತದೆ. ಆದ್ದರಿಂದ ಬೇರಿನ ಹಂತಕ್ಕೆ ಬರುವಾಗ ಎಲ್ಲವನ್ನೂ ತಲೆಕೆಳಗು ಮಾಡಬೇಕು. ಲವಣ ಅರ್ಧಕ್ಕಿಳಿಯಬೇಕು, ಸಕ್ಕರೆ ಕಡಿಮೆಯಾಗಬೇಕು, ಸೈಟೊಕೈನಿನ್ ಇರಲೇಬಾರದು. ಇಂಡೋಲ್ ಬ್ಯುಟಿರಿಕ್ ಆಮ್ಲ ಎಂಬ ಆಕ್ಸಿನ್ ಲೀಟರಿಗೆ ಒಂದು ಮಿಲಿಗ್ರಾಂ ಆಸುಪಾಸಿನಲ್ಲಿರಬೇಕು. ನಮ್ಮ ನರ್ಸರಿಗಳಲ್ಲಿ ದಾಳಿಂಬೆ, ಗುಲಾಬಿ ಕಡ್ಡಿಗಳ ಬುಡಕ್ಕೆ ಹಚ್ಚುವ ಬೇರುಪುಡಿಯಲ್ಲಿಯೂ ಸಾಮಾನ್ಯವಾಗಿ ಇರುವುದು ಇದೇ ವಸ್ತು.

ವಯಸ್ಸಿನ ತೊಡಕೂ ಒಂದಿದೆ. ಎಳೆಯ ಸಸಿಯ ಕಡ್ಡಿ ಸುಲಭವಾಗಿ ಬೇರು ಬಿಡುತ್ತದೆ, ಹಣ್ಣು ಕೊಡುವ ವಯಸ್ಸಿಗೆ ಬಂದ ಮರದ ಕಡ್ಡಿ ಹಟ ಮಾಡುತ್ತದೆ. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಶ್ರೀಸ್ಕಂದರಾಜಾ ಮತ್ತು ಮುಲಿನ್ಸ್ 1981ರಲ್ಲಿ ಗ್ರಾನಿ ಸ್ಮಿತ್ ಸೇಬಿಗೆ ಸೀಸೆಯೊಳಗೆ ಬೇರು ಬರಿಸುವ ಅಂಶಗಳ ಮೇಲೆ ಪ್ರಬಂಧ ಬರೆದರು. ಮರುವರ್ಷ ನಾಯರ್ ಅವರೊಡಗೂಡಿ ಬೇರು ಬಿಡಲೊಲ್ಲದ ಇತರ ಸೇಬು ತಳಿಗಳನ್ನು ಕುರಿತು ಬರೆದರು. ಅವರು ಕಂಡುಕೊಂಡ ಮುಖ್ಯ ಸಂಗತಿಗಳಲ್ಲಿ ಒಂದು ಇದು: ಮೊದಮೊದಲು ಬೇರು ಬಿಡದ ಕುಡಿಯನ್ನು ತಿಂಗಳು ತಿಂಗಳಿಗೂ ಹೊಸ ಮಾಧ್ಯಮಕ್ಕೆ ದಾಟಿಸುತ್ತ ಹೋದರೆ, ಹಲವು ಸುತ್ತುಗಳ ನಂತರ ಅದೇ ಕುಡಿ ಬೇರು ಬಿಡತೊಡಗುತ್ತದೆ. ಹಳೆಯ ಮರ ಸೀಸೆಯೊಳಗೆ ಮೆಲ್ಲಗೆ ಎಳೆತನಕ್ಕೆ ಮರಳುತ್ತದೆ ಎಂದು ಇದನ್ನು ವಿವರಿಸುವುದುಂಟು. ಅಜ್ಜಿಯ ಸೇಬು ಹುಟ್ಟಿದ ಊರಿನಲ್ಲಿಯೇ ಅದಕ್ಕೆ ಬೇರು ಬರಿಸುವ ಪಾಠವೂ ಹುಟ್ಟಿತೆಂಬುದು ನನಗೆ ಸಂತೋಷ ಕೊಡುವ ವಿಷಯ. ವಿದ್ಯಾರ್ಥಿಯಾಗಿ ಸಿಡ್ನಿಯಲ್ಲಿದ್ದಾಗ ಸಂಜೆಯ ಹೊತ್ತು ಪ್ರಯೋಗಾಲಯವೊಂದರಲ್ಲಿ ಸೀಸೆ ತೊಳೆಯುವ ಕೆಲಸ ಮಾಡುತ್ತ ನಾನು ಓದಿದ ಮೊದಲ ಪ್ರಬಂಧಗಳು ಅವೇ.

ಹಟ ಹಿಡಿದ ಬೇರುಸಸಿ

ಮೆಲ್ಬರ್ನಿನಿಂದ ಯಾರಾ ಕಣಿವೆಯತ್ತ ಹೋಗುವ ದಾರಿಯಲ್ಲಿನ ಒಂದು ಸಸ್ಯಾಗಾರ ನನಗೆ ಮೊದಲ ಪೂರ್ಣಾವಧಿ ಉದ್ಯೋಗ ಕೊಟ್ಟಿತು. ನನ್ನ ವೀಸಾ ಆ ಉದ್ಯೋಗಕ್ಕೆ ಕಟ್ಟಿಕೊಂಡಿತ್ತು. ಕೆಲಸ ನಿಂತರೆ ದೇಶದಲ್ಲಿ ಉಳಿಯುವ ಅವಕಾಶವೂ ಕೆಲವೇ ವಾರಗಳಲ್ಲಿ ಮುಗಿಯುವಂಥದ್ದು. ಹೊರದೇಶದಿಂದ ಬಂದವರಲ್ಲಿ ಅನೇಕರು ಹೀಗೆ ಒಂದೇ ದಾರದಲ್ಲಿ ತೂಗುತ್ತಿರುತ್ತಾರೆ, ಊರಿಗೆ ಫೋನ್ ಮಾಡುವಾಗ ಮಾತ್ರ ಅದನ್ನು ಹೇಳುವುದಿಲ್ಲ.

ನನ್ನ ಕೈಗೆ ಬಂದದ್ದು ಕುಬ್ಜ ಸೇಬಿನ ಒಂದು ಬೇರುಸಸಿ. ಕಪಾಟಿನಲ್ಲಿ ಅದರ ಕುಡಿಗಳು ಸೊಂಪಾಗಿ ನಿಂತಿದ್ದವು. ಗೌಲ್ಬರ್ನ್ ಕಣಿವೆಯ ತೋಟಗಾರರೊಬ್ಬರು ಮುಂಗಡ ಕೊಟ್ಟು ಕಾಯುತ್ತಿದ್ದರು. ಆದರೆ ಬೇರಿನ ಮಾಧ್ಯಮಕ್ಕೆ ದಾಟಿಸಿದರೆ ಬುಡದಲ್ಲಿ ಬಿಳಿಯ ಗಂಟು ಊದಿಕೊಳ್ಳುತ್ತಿತ್ತೇ ಹೊರತು ಬೇರು ಬರುತ್ತಿರಲಿಲ್ಲ. ಬಂದ ಅಲ್ಪಸ್ವಲ್ಪ ಬೇರೂ ಗಂಟಿನಿಂದ ಹೊರಟದ್ದು, ಕಾಂಡದ ನೀರ್ನಾಳಗಳೊಡನೆ ಸರಿಯಾದ ಸಂಬಂಧವಿಲ್ಲದ್ದು. ಅಂಥ ಬೇರು ನೋಡಲು ಬೇರು, ಕುಡಿಸುವ ನೀರು ಎಲೆಗೆ ತಲುಪುವುದಿಲ್ಲ. ಈ ಸಾಲನ್ನು ಕೈಬಿಡೋಣವೇ ಎಂಬ ಮಾತು ಸಸ್ಯಾಗಾರದಲ್ಲಿ ಆಗಲೇ ಎದ್ದಿತ್ತು. ಕೈಬಿಟ್ಟರೆ ನನ್ನ ಹುದ್ದೆಗೂ ಕೆಲಸವಿರುತ್ತಿರಲಿಲ್ಲ. ಒಂದು ಚಳಿಗಾಲದವರೆಗೆ ಗಡುವು ಸಿಕ್ಕಿತು.

ನೆರವಿಗೆ ಬಂದದ್ದು ಹಾಲೆಂಡಿನ ಡಿ ಕ್ಲರ್ಕ್ ಮತ್ತು ಅವರ ಸಂಗಡಿಗರು ಎಂ.9 ವಂಶದ ಸೇಬಿನ ಮೇಲೆ 1990ರ ದಶಕದಲ್ಲಿ ನಡೆಸಿದ ಅಧ್ಯಯನ. ಬೇರು ಹುಟ್ಟುವುದು ಒಂದೇ ಘಟನೆಯಲ್ಲ, ಹಂತಗಳಿವೆ ಎಂದು ಅವರು ತೋರಿಸಿದ್ದರು. ಮೊದಲ ದಿನ ಜೀವಕೋಶಗಳು ತಮ್ಮ ಹಳೆಯ ಕೆಲಸವನ್ನು ಮರೆತು ಹೊಸದಕ್ಕೆ ಸಿದ್ಧವಾಗುತ್ತವೆ. ಎರಡನೆಯ ದಿನದಿಂದ ನಾಲ್ಕನೆಯ ದಿನದವರೆಗೆ ಆಕ್ಸಿನ್ ಅವನ್ನು ಬೇರಿನ ದಾರಿಗೆ ಹಚ್ಚುತ್ತದೆ. ಆ ಮೇಲೆ ಅದೇ ಆಕ್ಸಿನ್ ಉಳಿದರೆ ಮೂಡಿದ ಬೇರು ಹೊರಬಾರದಂತೆ ತಡೆದು ಗಂಟನ್ನು ಬೆಳೆಸುತ್ತದೆ. ಸಸ್ಯಾಗಾರದ ಹಳೆಯ ಪಾಕದಲ್ಲಿ ಕುಡಿಗಳು ನಾಲ್ಕು ವಾರವೂ ಆಕ್ಸಿನ್ನಿನ ಮೇಲೆಯೇ ಕುಳಿತಿರುತ್ತಿದ್ದವು. ಸುಲಭವಾಗಿ ಬೇರು ಬಿಡುವ ತಳಿಗಳಿಗೆ ಅದು ನಡೆಯುತ್ತಿತ್ತು, ಇದಕ್ಕೆ ನಡೆಯಲಿಲ್ಲ.

ನಾವು ಮೂರು ಬದಲಾವಣೆ ಮಾಡಿದೆವು. ಕುಡಿಗಳನ್ನು ಬೇರಿನ ಹಂತಕ್ಕೆ ತರುವ ಮುನ್ನ ಒಂದು ಸುತ್ತು ಸೈಟೊಕೈನಿನ್ ಕಡಿಮೆ ಮಾಡಿ, ಒಳಗೆ ಶೇಖರವಾದದ್ದು ಕರಗಲು ಬಿಟ್ಟೆವು. ಆಕ್ಸಿನ್ ಮಾಧ್ಯಮದಲ್ಲಿ ಐದು ದಿನ ಮಾತ್ರ, ಅದೂ ಪೂರ್ಣ ಕತ್ತಲೆಯಲ್ಲಿ ಇರಿಸಿದೆವು. ಕತ್ತಲೆ ಸೇಬಿನ ಕಾಂಡವನ್ನು ಬೇರಿಗೆ ಒಲಿಸುತ್ತದೆ, ಬೆಳಕಿಗೆ ಕೆಡುವ ಆಕ್ಸಿನ್ನನ್ನೂ ಕಾಪಾಡುತ್ತದೆ. ಆರನೆಯ ದಿನ ಚೋದಕವೇ ಇಲ್ಲದ ಮಾಧ್ಯಮಕ್ಕೆ ದಾಟಿಸಿ ಬೆಳಕಿಗೆ ತಂದೆವು. ಒಂದು ತಂಡಕ್ಕೆ ಫ್ಲೋರೋಗ್ಲುಸಿನಾಲ್ ಎಂಬ ವಸ್ತುವನ್ನೂ ಸೇರಿಸಿದೆವು. ಸೇಬಿನ ಕುಡಿಗಳಿಗೆ ಅದರಿಂದಾಗುವ ಉಪಕಾರವನ್ನು ಈಸ್ಟ್ ಮಾಲಿಂಗ್‌ನ ಜೋನ್ಸ್ 1976ರಲ್ಲಿ ಪ್ರಕಟಿಸಿದ್ದರು.

ಹತ್ತು ಹನ್ನೆರಡು ದಿನಗಳ ಬಳಿಕ ಕಾಂಡದ ತುದಿಯಲ್ಲಿ ಹಲ್ಲಿನಂಥ ಬಿಳಿ ಮೊನೆಗಳು ಕಂಡವು. ಮೂರನೆಯ ವಾರದ ಕೊನೆಗೆ ಹೆಚ್ಚಿನ ಸೀಸೆಗಳಲ್ಲಿ ಎರಡು ಮೂರು ಬೇರುಗಳು ಗಾಜಿನ ಗೋಡೆಗೆ ತಾಗಿದ್ದವು. ನಮ್ಮ ಮೇಲ್ವಿಚಾರಕಿ ಒಂದೊಂದು ಸೀಸೆಯನ್ನೂ ದೀಪಕ್ಕೆ ಹಿಡಿದು ನೋಡಿ, ಏನೂ ಹೇಳದೆ ಮುಂದಿನ ತಿಂಗಳ ಕೆಲಸದ ಪಟ್ಟಿಯಲ್ಲಿ ನನ್ನ ಹೆಸರು ಬರೆದರು.

ಸೀಸೆಯ ಹೊರಗೆ

ಬೇರು ಬಂದರೆ ಗೆದ್ದಂತಲ್ಲ. ಸೀಸೆಯೊಳಗೆ ಗಾಳಿ ನೀರಾವಿಯಿಂದ ತುಂಬಿರುತ್ತದೆ. ಅಲ್ಲಿ ಬೆಳೆದ ಎಲೆಗೆ ಮೇಣದ ಹೊದಿಕೆ ತೆಳು, ಪತ್ರರಂಧ್ರಗಳಿಗೆ ಮುಚ್ಚಿಕೊಳ್ಳುವ ಅಭ್ಯಾಸವಿಲ್ಲ. ಅಗರ್ ಒಳಗೆ ಬೆಳೆದ ಬೇರಿಗೆ ರೋಮಗಳು ಕಡಿಮೆ, ಮುಟ್ಟಿದರೆ ಮುರಿಯುವಷ್ಟು ಮೃದು. ಸಕ್ಕರೆ ಕಾಲಬುಡದಲ್ಲಿಯೇ ಸಿಗುತ್ತಿದ್ದ ಗಿಡಕ್ಕೆ ತಾನೇ ಅಡುಗೆ ಮಾಡಿಕೊಳ್ಳುವ ರೂಢಿಯೂ ಇಲ್ಲ. ಹಾಗಾಗಿ ಹೊರತೆಗೆದ ಗಿಡವನ್ನು ತೆಂಗಿನ ನಾರಿನ ಪುಡಿ, ಪರ್ಲೈಟುಗಳ ಹದವಾದ ಮಿಶ್ರಣದಲ್ಲಿ ಊರಿ, ಮಂಜು ಸಿಂಪಡಿಸುವ ಗುಡಾರದಲ್ಲಿಟ್ಟು, ಎರಡು ಮೂರು ವಾರಗಳಲ್ಲಿ ತೇವವನ್ನು ಹಂತಹಂತವಾಗಿ ಇಳಿಸಬೇಕು. ಹೊಸ ಎಲೆ ಮೂಡಿದ ಮೇಲೆಯೇ ಗಿಡ ಉಳಿಯಿತೆಂದು ಅರ್ಥ. ಹಳೆಯ ಎಲೆಗಳನ್ನು ಹೊರಗಿನ ಗಾಳಿಗೆ ಪೂರ್ತಿಯಾಗಿ ಒಗ್ಗಿಸಲು ಆಗುವುದಿಲ್ಲ.

ಲೆಕ್ಕ ಇಲ್ಲಿಯೇ ಇದೆ. ಸಾವಿರ ಕುಡಿಗಳಲ್ಲಿ ನೂರಕ್ಕೆ ತೊಂಬತ್ತು ಬೇರು ಬಿಟ್ಟು, ಅವುಗಳಲ್ಲಿ ನೂರಕ್ಕೆ ತೊಂಬತ್ತು ಬದುಕಿದರೆ ಕೈಗೆ 810 ಗಿಡ. ಎರಡೂ ಕಡೆ ನೂರಕ್ಕೆ ಐವತ್ತಾದರೆ 250. ಪ್ರಯೋಗಾಲಯದ ಬಾಗಿಲು ತೆರೆದಿರುವುದೂ ಮುಚ್ಚುವುದೂ ಈ ಅಂತರದಲ್ಲಿ. ಮೆಲ್ಬರ್ನಿನ ಜನವರಿಯಲ್ಲಿ ಉತ್ತರದ ಮರುಭೂಮಿಯ ಗಾಳಿ ಬೀಸಿ ಉಷ್ಣತೆ 40 ಡಿಗ್ರಿ ದಾಟುವ ದಿನಗಳುಂಟು. ಅಂಥ ಒಂದು ಮಧ್ಯಾಹ್ನ ಮಂಜು ಸಿಂಪಡಿಸುವ ಪಂಪು ನಿಂತುಹೋಗಿ, ಅದು ಗೊತ್ತಾಗುವಷ್ಟರಲ್ಲಿ ಎರಡು ಮೇಜಿನ ಗಿಡಗಳು ಬೇಯಿಸಿದ ಸೊಪ್ಪಿನಂತೆ ಒರಗಿದ್ದನ್ನು ಕಂಡಿದ್ದೇನೆ. ಎಂಟು ತಿಂಗಳ ದುಡಿಮೆ ಎರಡು ಗಂಟೆಯಲ್ಲಿ ಹೋಯಿತು. ತೋಟಗಾರರಿಗೆ ಉಳಿದ ಗಿಡಗಳನ್ನು ಕೊಟ್ಟು, ಬಾಕಿಗೆ ಇನ್ನೊಂದು ವರ್ಷ ಕೇಳಬೇಕಾಯಿತು. ಆತ ಸಾಲುಗಳ ನಡುವೆ ಖಾಲಿ ಬಿಟ್ಟ ಜಾಗಕ್ಕೂ ತಂತಿ ಕಂಬಗಳ ಸಾಲದ ಬಡ್ಡಿ ಕಟ್ಟುತ್ತಿದ್ದರು.

ಚೀಲದಲ್ಲಿ ನಾಲ್ಕು ಕಡ್ಡಿ

ಬೇರು ಬಂದ ಸುದ್ದಿ ಹೇಳಿದಾಗ ತಂದೆ ಕೇಳಿದ್ದು ಒಂದೇ ಮಾತು: "ತಮ್ಮಾ, ಬರೂ ಮುಂದ ಬ್ಯಾಗಿನಾಗ ನಾಕು ಕಡ್ಡಿ ಹಾಕ್ಕೊಂಡು ಬರಾಕ ಆಗೂದಿಲ್ಲೇನು?" ಹಿಮಾಚಲದ ರೈತ ಹರಿಮನ್ ಶರ್ಮಾ ಬೆಳೆಸಿದ, ಹೆಚ್ಚು ಚಳಿ ಬೇಡದ ಸೇಬಿನ ತಳಿಯನ್ನು ಕರ್ನಾಟಕದಲ್ಲಿಯೂ ಕೆಲವರು ಹಾಕಿದ್ದಾರೆ. ಅದನ್ನು ಕೇಳಿದ ಮೇಲೆ ತಂದೆಗೂ ಆಸೆ ಹುಟ್ಟಿತ್ತು. ಆಗುವುದಿಲ್ಲ ಎಂದು ಹೇಳಿದೆ. ಅವರಿಗೆ ಬೇಸರವಾಯಿತು. ಮಗ ದೊಡ್ಡ ದೇಶಕ್ಕೆ ಹೋಗಿ ನಾಲ್ಕು ಕಡ್ಡಿಗೆ ಲೆಕ್ಕ ಹೇಳುತ್ತಾನೆ ಎಂದುಕೊಂಡರೇನೋ. ಈ ಬೇಸರ ಅನೇಕ ಮನೆಗಳಲ್ಲಿರುವುದರಿಂದ ಕಾರಣವನ್ನು ಬಿಡಿಸಿ ಹೇಳುತ್ತೇನೆ.

ದ್ರಾಕ್ಷಿಯ ಬೇರನ್ನು ತಿನ್ನುವ ಫಿಲಾಕ್ಸೆರಾ ಎಂಬ ಸಣ್ಣ ಹೇನು ಅಮೆರಿಕದ ಬಳ್ಳಿಗಳೊಡನೆ ಯೂರೋಪಿಗೆ ಬಂದು ಅಲ್ಲಿನ ದ್ರಾಕ್ಷಿತೋಟಗಳನ್ನು ನಾಶ ಮಾಡಿತು. 1877ರಲ್ಲಿ ಅದು ಮೆಲ್ಬರ್ನಿಗೆ ಸಮೀಪದ ಜೀಲಾಂಗ್‌ನಲ್ಲಿ ಕಂಡಿತು. ಸರ್ಕಾರ ಅಲ್ಲಿನ ಬಳ್ಳಿಗಳನ್ನು ಕೀಳಿಸಿತು. ಇಂದಿಗೂ ವಿಕ್ಟೋರಿಯದ ಕೆಲವು ವಲಯಗಳಿಂದ ದ್ರಾಕ್ಷಿಬಳ್ಳಿಯನ್ನು ಹೊರಗೆ ಸಾಗಿಸಲು ನಿರ್ಬಂಧವಿದೆ. ಸೇಬಿಗೆ ಅಂಥ ಶತ್ರು ಬೆಂಕಿರೋಗ ಎಂಬ ಬ್ಯಾಕ್ಟೀರಿಯ, ಎಂ.9 ಬೇರುಸಸಿ ಅದಕ್ಕೆ ಬೇಗ ಬಲಿಯಾಗುತ್ತದೆ. ಆ ರೋಗದ ಭಯದಿಂದ ಆಸ್ಟ್ರೇಲಿಯ 1921ರಲ್ಲಿ ನ್ಯೂಜಿಲೆಂಡ್ ಸೇಬನ್ನು ತಡೆಯಿತು. ಆ ತಡೆ ಸಡಿಲವಾಗಲು ವಿಶ್ವ ವ್ಯಾಪಾರ ಸಂಸ್ಥೆಯ 2010ರ ತೀರ್ಪೇ ಬೇಕಾಯಿತು. ನಡುವೆ 1997ರಲ್ಲಿ ಮೆಲ್ಬರ್ನಿನ ರಾಯಲ್ ಬೊಟಾನಿಕ್ ಗಾರ್ಡನ್ಸ್‌ನಲ್ಲಿ ಆ ರೋಗ ಕಾಣಿಸಿಕೊಂಡಾಗ ಸೋಂಕಿತ ಗಿಡಗಳನ್ನು ನಾಶಪಡಿಸಿ ಅದನ್ನು ನಿರ್ಮೂಲ ಮಾಡಿದರು.

ಭಾರತದ ಕಾನೂನೂ ಬಿಗಿಯಾಗಿಯೇ ಇದೆ. 2003ರ ಸಸ್ಯ ಸಂಪರ್ಕ ನಿಷೇಧ ಆದೇಶದ ಪ್ರಕಾರ ಅನುಮತಿಪತ್ರ, ರೋಗಮುಕ್ತಿ ಪ್ರಮಾಣಪತ್ರ, ಬಂದ ಮೇಲೆ ಪ್ರತ್ಯೇಕವಾಗಿಟ್ಟು ಪರೀಕ್ಷೆ ಇವಿಲ್ಲದೆ ನೆಡುವ ಕಡ್ಡಿಯನ್ನು ತರುವಂತಿಲ್ಲ. ಈ ಕಡೆಗೆ ಬರುವ ಗಿಡಗಳಿಗೂ ಅದೇ ನಿಯಮ. ಹಿಂದೆ ಸಿಡ್ನಿಯ ಈಸ್ಟರ್ನ್ ಕ್ರೀಕ್, ಮೆಲ್ಬರ್ನಿನ ನಾಕ್ಸ್‌ಫೀಲ್ಡ್ ಮೊದಲಾದೆಡೆ ಇದ್ದ ಕೇಂದ್ರಗಳನ್ನು ಒಟ್ಟುಗೂಡಿಸಿ ಈಗ ಮೆಲ್ಬರ್ನಿನ ಉತ್ತರಕ್ಕೆ ಮಿಕಲ್‌ಹ್ಯಾಮ್‌ನಲ್ಲಿ ಒಂದೇ ದೊಡ್ಡ ಪರೀಕ್ಷಾ ಕೇಂದ್ರ ಮಾಡಿದ್ದಾರೆ. ಹೊಸ ಬೇರುಸಸಿ ಅಲ್ಲಿ ವರ್ಷಗಟ್ಟಲೆ ಕಳೆದು, ನಿರೋಗಿ ಎನಿಸಿಕೊಂಡ ಮೇಲೆಯೇ ನಮ್ಮ ಸೀಸೆಗಳಿಗೆ ಬರುತ್ತದೆ.

ಮಕ್ಕಳನ್ನು ನೋಡಲು ಬರುವ ತಂದೆ ತಾಯಂದಿರು ದಯವಿಟ್ಟು ನೆನಪಿಡಿ. ಕರಿಬೇವಿನ ಕಡ್ಡಿ, ತುಳಸಿಯ ಬೀಜ, ಪೂಜೆಯ ಮಾವಿನೆಲೆ, ವೀಳ್ಯದ ಬಳ್ಳಿ ಯಾವುದನ್ನೂ ಸೀರೆಯ ಮಡಿಕೆಯಲ್ಲಿ ಅಡಗಿಸಿ ತರಬೇಡಿ. ವಿಮಾನದಲ್ಲಿ ಕೊಡುವ ಪತ್ರದಲ್ಲಿ ಇದ್ದದ್ದನ್ನು ಇದ್ದಂತೆ ಬರೆದರೆ ಹೆಚ್ಚೆಂದರೆ ಅಧಿಕಾರಿ ಅದನ್ನು ತೆಗೆದುಕೊಳ್ಳುತ್ತಾರೆ. ಬಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ದೊಡ್ಡದು, ವೀಸಾಕ್ಕೂ ತೊಂದರೆಯಾಗಬಹುದು. ಕರಿಬೇವಿನ ಗಿಡ ಇಲ್ಲಿನ ಸಸ್ಯಾಗಾರಗಳಲ್ಲಿಯೂ ಸಿಗುತ್ತದೆ.

ತಂದೆಗೆ ಈಗ ಬೇಸರ ಕಡಿಮೆಯಾಗಿದೆ. ಫಿಲಾಕ್ಸೆರಾ ಕಥೆಯನ್ನು ಊರಿನ ದ್ರಾಕ್ಷಿ ಬೆಳೆಗಾರರಿಗೆ ನನಗಿಂತ ಚೆನ್ನಾಗಿ ಹೇಳುತ್ತಾರೆಂದು ಕೇಳಿದ್ದೇನೆ.

ಬರಬೇಕೆನ್ನುವವರಿಗೆ

ಧಾರವಾಡ, ಬೆಂಗಳೂರು, ಬಾಗಲಕೋಟೆಯ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿರುವ ಕಿರಿಯರು ನನಗೆ ಕೇಳುವ ಪ್ರಶ್ನೆ, ಈ ವೃತ್ತಿಯಲ್ಲಿ ಇಲ್ಲಿ ಅವಕಾಶವಿದೆಯೇ ಎಂದು. ಇದೆ, ಆದರೆ ಸಿಡ್ನಿ ಮೆಲ್ಬರ್ನಿನ ನಡುಪೇಟೆಯಲ್ಲಿ ಅಲ್ಲ. ಪ್ರಯೋಗಾಲಯಗಳು ಊರಾಚೆಗಿನ ಸಸ್ಯಾಗಾರಗಳಲ್ಲಿ, ಶೆಪರ್ಟನ್, ಬ್ಯಾಟ್ಲೋ, ಆರೆಂಜ್‌ನಂಥ ಹಣ್ಣಿನ ಸೀಮೆಗಳ ಆಸುಪಾಸಿನಲ್ಲಿ ಇರುತ್ತವೆ. ಅಲ್ಲಿ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಬರಲು ಎರಡು ಮೂರು ಗಂಟೆ ಅಥವಾ ಇನ್ನೂ ಹೆಚ್ಚು ಹೊತ್ತು ಕಾರು ಓಡಿಸಬೇಕಾದೀತು. ದಿನಕ್ಕೆ ಆರೇಳು ಗಂಟೆ ಗಾಳಿ ಸೋಸುವ ಪೆಟ್ಟಿಗೆಯ ಮುಂದೆ ಕುಳಿತು ಚಿಮುಟ, ಚೂರಿ ಹಿಡಿದು ಕುಡಿ ಕತ್ತರಿಸುವ ಕೆಲಸ. ಭುಜ ನೋಯುತ್ತದೆ. ಸ್ನಾತಕೋತ್ತರ ಪದವಿಯ ಗರ್ವ ಮೊದಲ ವಾರದಲ್ಲಿಯೇ ಇಳಿಯುತ್ತದೆ.

ಕೃಷಿ ವಿಜ್ಞಾನಿಯ ಹುದ್ದೆಗೆ ಕೌಶಲ ವೀಸಾ ಬಯಸುವವರ ವಿದ್ಯೆ ಅನುಭವಗಳನ್ನು ವೆಟಾಸೆಸ್ ಎಂಬ ಸಂಸ್ಥೆ ಪರಿಶೀಲಿಸುತ್ತದೆ. ಅದಕ್ಕೆ ಅಂಕಪಟ್ಟಿಯಷ್ಟೇ ಕೆಲಸದ ದಾಖಲೆಯೂ ಮುಖ್ಯ. ಆದ್ದರಿಂದ ಹೊರಡುವ ಮುನ್ನ ನಮ್ಮಲ್ಲಿಯೇ ಇರುವ ಯಾವುದಾದರೂ ಬಾಳೆ ಅಥವಾ ದಾಳಿಂಬೆ ಅಂಗಾಂಶ ಕೃಷಿ ಘಟಕದಲ್ಲಿ ಒಂದೆರಡು ವರ್ಷ ಸಂಬಳದ ಮೇಲೆ ದುಡಿಯಿರಿ. ಎಷ್ಟು ಸೀಸೆ ಮಾಡಿದಿರಿ, ಎಷ್ಟು ಕೆಟ್ಟವು, ಎಷ್ಟು ಬೇರು ಬಿಟ್ಟವು ಎಂದು ದಿನಚರಿ ಬರೆದಿಡಿ. ಸಂದರ್ಶನದಲ್ಲಿ ನನ್ನನ್ನು ಪ್ರಬಂಧದ ಶೀರ್ಷಿಕೆ ಕೇಳಲಿಲ್ಲ. ಒಂದು ಗಂಟೆಗೆ ಎಷ್ಟು ಕುಡಿ ಕತ್ತರಿಸಬಲ್ಲೆ ಎಂದು ಕೇಳಿದರು, ಚೂರಿ ಕೊಟ್ಟು ಕುಳ್ಳಿರಿಸಿ ನೋಡಿದರು.

ಈಗ ಆಗಸ್ಟ್, ಇಲ್ಲಿ ಚಳಿಗಾಲದ ಕೊನೆ. ಆ ಹಟಮಾರಿ ಬೇರುಸಸಿಯ ಮೇಲೆ ಕಸಿ ಕಟ್ಟಿದ ಎಲೆಯಿಲ್ಲದ ಗಿಡಗಳನ್ನು ಕಟ್ಟು ಮಾಡಿ, ಬೇರಿಗೆ ಒದ್ದೆ ಮರದಪುಡಿ ಸುತ್ತಿ ಲಾರಿಗೆ ಏರಿಸುತ್ತಿದ್ದೇವೆ. ಗೌಲ್ಬರ್ನ್ ಕಣಿವೆಯ ಆ ತೋಟಗಾರರು ಬಾಕಿಯಿದ್ದ ಗಿಡಗಳನ್ನು ಎಣಿಸಿ ರಸೀದಿಗೆ ಸಹಿ ಹಾಕಿದ್ದಾರೆ. ಮೊಗ್ಗೊಡೆಯುವ ಮುನ್ನ ನೆಟ್ಟು ಮುಗಿಯಬೇಕು. ಹಣ್ಣು ಮೂರನೆಯ ವರ್ಷಕ್ಕೆ.